ಬೈಯದ ಕಾಗದಗಳು

ಫೆಬ್ರವರಿ ೩

ಅಣ್ಣಾ,

ಫೋನ್ ಇಟ್ಟ ಮೇಲೆ ಕುರ್ಚಿಯಿಂದ ಏಳಲು ಮನಸ್ಸಾಗಲಿಲ್ಲ. ನೀನೂ ಕೂಗಾಡಿದೆ, ನಾನೂ ಕೂಗಾಡಿದೆ. ವರ್ಷಗಟ್ಟಲೆ ಬಸ್ಸಿನ ಇಂಜಿನ್ ಪಕ್ಕ ಕೂತು ನಿನ್ನ ಎಡಗಿವಿ ಮಂದವಾಗಿದೆ, ಅದಕ್ಕೆ ನಾನು ದನಿ ಏರಿಸುತ್ತೇನೆ. ನಾನು ದನಿ ಏರಿಸಿದೆ ಎಂದು ನೀನು ರೇಗುತ್ತೀಯ. ಕಾಲಿನ ವಿಷಯ ಇದ್ದಲ್ಲೇ ಇರುತ್ತದೆ. ಇನ್ನು ಮೇಲೆ ಇದನ್ನು ಫೋನಿನಲ್ಲಿ ಎತ್ತುವುದು ಬೇಡ, ಬರೆಯೋಣ. ಬರೆಯುವಾಗ ಒಂದೊಂದು ಮಾತನ್ನೂ ನೋಡಿ ಇಡಬಹುದು.

ಅತ್ತಿಗೆ ಎಲ್ಲ ಹೇಳಿದರು. ಎಡಗಾಲಿನ ಕಿರುಬೆರಳು ನೀಲಿಗಟ್ಟಿದೆ, ಮೆಟ್ಟಿಲು ಹತ್ತಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಸಿಗರೇಟಿನಿಂದ ರಕ್ತನಾಳ ಮುಚ್ಚಿಕೊಳ್ಳುತ್ತಿದೆ, ಬಿಡದೆ ಹೋದರೆ ಕಾಲು ಉಳಿಯುವುದಿಲ್ಲ ಎಂದು ಸರ್ಜನ್ ಹೇಳಿದ್ದಾರೆ. ಇದನ್ನೇ ಮತ್ತೆ ನಿನ್ನ ಮುಂದೆ ಓದಲು ನಾನು ಕಾಗದ ಬರೆಯುತ್ತಿಲ್ಲ.

ನನ್ನ ಕೆಲಸವನ್ನು ನೀನು ‘ಡಾಕ್ಟರಿಗೆ ಮಾತು ಕಲಿಸೋ ಟೀಚರ್’ ಎಂದು ಆಡಿಕೊಳ್ಳುತ್ತೀಯ. ನಿಜ, ಅದೇ ಕೆಲಸ. ಸಿಗರೇಟು, ಕುಡಿತ, ಸಕ್ಕರೆ ಬಿಡಲಾಗದವರ ಎದುರು ಕೂತು ಡಾಕ್ಟರು, ನರ್ಸುಗಳು ಹೇಗೆ ಮಾತಾಡಬೇಕೆಂದು ಹೇಳಿಕೊಡುತ್ತೇನೆ. ಉಪದೇಶ ಮಾಡಬಾರದು, ಹೆದರಿಸಬಾರದು, ವಾದಕ್ಕೆ ಇಳಿಯಬಾರದು. ಕೇಳಬೇಕು. ಬಿಡುವುದಕ್ಕೆ ಕಾರಣ ರೋಗಿಯ ಬಾಯಿಂದಲೇ ಹೊರಡಬೇಕು. ಎಷ್ಟೋ ಜನರ ಮೇಲೆ ಇದು ಕೆಲಸ ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಊರಿಗೆಲ್ಲ ಇದನ್ನು ಕಲಿಸಿ, ಸ್ವಂತ ಅಣ್ಣನ ಮೇಲೆ ಮಾತ್ರ ಬಾಯಿ ಹರಿದುಕೊಳ್ಳುವುದು ಯಾವ ನ್ಯಾಯ?

ಅಪ್ಪನಿಗೆ ಮನೆಮಂದಿಯೆಲ್ಲ ಬೈದೆವು. ಬೈದಷ್ಟೂ ಅವರು ಬಾಟಲಿ ಬಚ್ಚಿಟ್ಟರು. ಕೊನೆಗೆ ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಕುಡಿದು ಅಲ್ಲೇ ಬಿದ್ದರು. ಬಾಗಿಲು ಒಡೆದವನು ನೀನು. ಆ ಚಿಲಕ ಹಾಕಿಸಿದ್ದು ನಮ್ಮ ಬೈಗುಳ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ನಿನ್ನ ಮತ್ತು ನನ್ನ ನಡುವೆ ಅಂಥ ಬಾಗಿಲು ಬರುವುದು ಬೇಡ.

ಅದಕ್ಕೆ ಒಂದೇ ಪ್ರಶ್ನೆ ಕೇಳುತ್ತೇನೆ. ಈ ಕಾಲಿನ ಬಗ್ಗೆ ನಿನಗೆ ಏನನ್ನಿಸುತ್ತಿದೆ? ನಿಧಾನವಾಗಿ ಬರೆ.

ನಿನ್ನ ತಂಗಿ


ಫೆಬ್ರವರಿ ೨೦

ಹಾರನ್ ಮೇಡಂ ಅವರಿಗೆ,

ಕಾಗದ ಬಂತು. ಓದಿ ಮುಗಿಸಿ ಲಕೋಟೆ ತಿರುಗಿಸಿ ನೋಡಿದೆ, ಪಕ್ಕದ ಮನೆಯವರದ್ದು ತಪ್ಪಿ ನಮಗೆ ಬಂತೋ ಏನೋ ಅಂತ. ಒಂದು ಬೈಗುಳ ಇಲ್ಲ. ಒಂದು ಚಿತ್ತು ಇಲ್ಲ, ಒಂದು ಕಾಟು ಇಲ್ಲ. ನೀನು ಹಾಸ್ಟೆಲಿನಿಂದ ಬರೆಯುತ್ತಿದ್ದ ಕಾಗದ ನೆನಪಿದೆಯಾ? ಅರ್ಧ ಹೊಡೆದುಹಾಕಿದ್ದು, ಇನ್ನರ್ಧ ನನಗೆ ಹೊಡೆದದ್ದು. ಅಮ್ಮ ಓದಿ ಹೇಳು ಅಂದರೆ ನಾನು ನಡುನಡುವೆ ಹಾರಿಸಿ ಓದುತ್ತಿದ್ದೆ.

ನಿನ್ನ ಅತ್ತಿಗೆಗೆ ಓದಿ ಹೇಳಿದೆ. ‘ಎಷ್ಟು ತಾಳ್ಮೆ ಬಂದಿದೆ ನೋಡಿ ಅವಳಿಗೆ’ ಅಂದಳು. ‘ತಾಳ್ಮೆ ಅಲ್ವೇ, ಬ್ಯಾಟ್ರಿ ವೀಕು’ ಅಂದೆ.

ಕೇಳಿದ್ದೀಯ, ಅದಕ್ಕೆ ಹೇಳುತ್ತೇನೆ. ಎಡಗಾಲು ಅಂದರೆ ಕ್ಲಚ್ ಕಾಲು. ಊರೊಳಗಿನ ರೂಟಿನಲ್ಲಿ ದಿನಕ್ಕೆ ಎಷ್ಟು ಸಲ ಕ್ಲಚ್ ಒತ್ತುತ್ತೇನೋ ದೇವರಿಗೇ ಗೊತ್ತು. ಈಗ ಒತ್ತಿದರೆ ಪಾದ ನನ್ನದಲ್ಲ ಅನ್ನಿಸುತ್ತದೆ. ಯಾರದ್ದೋ ಕಾಲನ್ನು ಬಾಡಿಗೆಗೆ ತಂದು ಕೂಡಿಸಿಕೊಂಡ ಹಾಗೆ. ಮೊನ್ನೆ ಸಿಗ್ನಲಿನಲ್ಲಿ ಕಾಲು ಜಾರಿ ಬಸ್ಸು ಮುಗ್ಗರಿಸಿ ನಿಂತಿತು. ನಿಂತಿದ್ದ ಒಬ್ಬ ಮುದುಕಿ ಕಂಡಕ್ಟರನ ಮೇಲೆ ಬಿದ್ದಳು. ಅವಳು ಬೈದದ್ದು ಕೇಳಿ ನನಗೆ ನಿನ್ನ ನೆನಪಾಯಿತು.

ಸಿಗರೇಟು ಯಾಕೆ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಕೊನೆಯ ಸ್ಟಾಪಿನಲ್ಲಿ ಜನ ಇಳಿದ ಮೇಲೆ ಬಸ್ಸು ತಿರುಗಿಸಿ ನಿಲ್ಲಿಸುತ್ತೇನೆ. ಕಂಡಕ್ಟರ್ ಚಹಾಕ್ಕೆ ಹೋಗುತ್ತಾನೆ. ಇಂಜಿನ್ ಆರಿಸಿದರೆ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಬಿಟ್ಟರೆ ಬೇರೆ ಏನೂ ಇಲ್ಲ. ಆಗ ಒಂದು ಹಚ್ಚುತ್ತೇನೆ. ಅದು ಮುಗಿಯುವ ತನಕ ನಾನು ಯಾರಿಗೂ ಲೇಟಾಗಿಲ್ಲ. ಅಷ್ಟೇ.

ಕಾಲು ಹೋಗುತ್ತದೆ ಅಂತ ಸರ್ಜನ್ ಹೇಳಿದ್ದು ಕೇಳಿಸಿದೆ. ಬಲಗಿವಿಗೇ ಹೇಳಿದರು.

ಇಂತಿ,
ನಿನ್ನ ಅಣ್ಣ, ಬ್ರೇಕ್ ಫೇಲ್


ಮಾರ್ಚ್ ೧೧

ಅಣ್ಣಾ,

ಮನಸ್ಸು ಬಿಚ್ಚಿ ಬರೆದದ್ದಕ್ಕೆ ಸಂತೋಷ. ನನಗೆ ಅರ್ಥವಾದದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ದಿನವಿಡೀ ಬೇರೆಯವರ ಹೊತ್ತಿಗೆ ಓಡುವ ನಿನಗೆ ಆ ಸಿಗರೇಟು ನಿನ್ನದೇ ಆದ ಹೊತ್ತು. ಅದೇ ವೇಳೆಗೆ, ಬಸ್ಸು ಮುಗ್ಗರಿಸಿದ ದಿನ ನೀನು ಹೆದರಿದೆ. ಎರಡೂ ನಿನ್ನೊಳಗೆ ಇವೆ.

ಇಲ್ಲಿ ಹೊಸ ತಂಡ ಬಂದಿದೆ. ಮೂರನೇ ಮಹಡಿಯ ಕೋಣೆ, ಎರಡು ಕುರ್ಚಿ ಓರೆಯಾಗಿ ಹಾಕಿರುತ್ತೇವೆ, ಎದುರುಬದುರು ಹಾಕಿದರೆ ವಿಚಾರಣೆಯ ಹಾಗಾಗುತ್ತದೆ. ಒಂದರಲ್ಲಿ ಡಾಕ್ಟರು, ಇನ್ನೊಂದರಲ್ಲಿ ನಮ್ಮ ‘ರೋಗಿ’. ಆಕೆ ನಿವೃತ್ತ ಟೈಪಿಸ್ಟ್, ರೋಗಿಯಾಗಿ ನಟಿಸಲು ಬರುತ್ತಾರೆ. ಒಂದು ವಾರ ಕುಡುಕಿ, ಒಂದು ವಾರ ಸಕ್ಕರೆ ಕಾಯಿಲೆಯವರು. ಮೇಜಿನ ಮೇಲೆ ಒಂದು ಕರೆಗಂಟೆ. ಡಾಕ್ಟರು ಬಾಯಿ ತಪ್ಪಿ ‘ನೀವು ಬಿಡಬೇಕು’, ‘ನೀವು ಹೀಗೆ ಮಾಡಬೇಕು’ ಎಂದರೆ ಉಳಿದವರು ಅದನ್ನು ಒತ್ತುತ್ತಾರೆ. ಈ ತಂಡದಲ್ಲಿ ಒಬ್ಬ ಎಳೆಯ ಡಾಕ್ಟರ್ ಇದ್ದಾನೆ, ಕೂತಲ್ಲಿ ಕೂರುವುದಿಲ್ಲ, ಎಲ್ಲರೂ ಬುಗುರಿ ಎನ್ನುತ್ತಾರೆ. ಅವನು ಬಾಯಿ ತೆರೆದರೆ ಗಂಟೆಗೆ ಬಿಡುವಿಲ್ಲ. ನಿನ್ನೆ ಸಿಟ್ಟಿಗೆದ್ದು ‘ಮೇಡಂ, ಕಣ್ಣೆದುರಿಗೆ ಮನುಷ್ಯ ಬಾವಿಗೆ ಬೀಳ್ತಿದ್ರೆ, ನಿಮಗೇನನ್ಸುತ್ತೆ ಅಂತ ಕೇಳ್ಕೊಂಡು ಕೂರೋದಾ?’ ಎಂದ. ಅದಕ್ಕೂ ಯಾರೋ ಗಂಟೆ ಒತ್ತಿದರು. ಎಲ್ಲರೂ ನಕ್ಕೆವು.

ಇನ್ನೆರಡು ಪ್ರಶ್ನೆ. ಸಿಗರೇಟು ಬಿಡಲು ನೀನು ಎಷ್ಟು ಸಿದ್ಧ? ಸೊನ್ನೆ ಎಂದರೆ ಇಲ್ಲವೇ ಇಲ್ಲ, ಹತ್ತು ಎಂದರೆ ಪೂರ್ತಿ ಸಿದ್ಧ. ನಿನ್ನದು ಎಷ್ಟು? ಸೊನ್ನೆಯಲ್ಲದಿದ್ದರೆ, ಯಾಕೆ ಸೊನ್ನೆಯಲ್ಲ?

ಮತ್ತೊಂದು. ಈ ಕಾಯಿಲೆಯ ಬಗ್ಗೆ ನನಗೆ ಗೊತ್ತಿರುವ ಕೆಲವು ಸಂಗತಿ ಹೇಳಲು ನಿನ್ನ ಒಪ್ಪಿಗೆ ಇದೆಯಾ? ಬೇಡ ಎಂದರೆ ಹೇಳುವುದಿಲ್ಲ.

ನಿನ್ನ ತಂಗಿ


ಏಪ್ರಿಲ್ ೧೭

ತಂಗೀ,

ತಡವಾಯಿತು. ಕಿರುಬೆರಳು ತೆಗೆದರು. ದೊಡ್ಡ ವಿಷಯ ಏನಲ್ಲ, ಅದಕ್ಕೇ ತಿಳಿಸಲಿಲ್ಲ. ಇಷ್ಟು ವರ್ಷ ಅದೇನು ಕೆಲಸ ಮಾಡುತ್ತಿತ್ತು ಅಂತ ನನಗೂ ಗೊತ್ತಿರಲಿಲ್ಲ. ಅದು ಹೋದ ಮೇಲೆ ನಡೆದರೆ ಗೋಡೆ ಕಡೆಗೆ ವಾಲುತ್ತೇನೆ.

ಬಸ್ಸಿನಿಂದ ಇಳಿಸಿದ್ದಾರೆ. ಡಿಪೋದಲ್ಲಿ ಬಿಟ್ಟುಹೋದ ಸಾಮಾನಿನ ಕೋಣೆಗೆ ಹಾಕಿದ್ದಾರೆ. ಕಿಟಕಿ ಇಲ್ಲ, ಒಂದು ಟ್ಯೂಬ್‌ಲೈಟು, ಅದೂ ಕಣ್ಣು ಹೊಡೆಯುತ್ತದೆ. ಕೊಡೆ, ಟಿಫಿನ್ ಡಬ್ಬಿ, ಮಕ್ಕಳ ಸ್ವೆಟರು, ಹಲ್ಲಿನ ಸೆಟ್ಟು ಕೂಡ ಇದೆ, ನಂಬು. ಎಲ್ಲಕ್ಕಿಂತ ಜಾಸ್ತಿ ಇರುವುದು ಒಂಟಿ ಚಪ್ಪಲಿ. ಒಂದೇ ಚಪ್ಪಲಿಯಲ್ಲಿ ಇಳಿದು ಹೋಗುವವರು ಮನೆ ಹೇಗೆ ಮುಟ್ಟುತ್ತಾರೋ? ಯಾರೂ ಕೇಳಿಕೊಂಡು ಬರುವುದಿಲ್ಲ. ನಾನು ಜೋಡಿ ಮಾಡಲು ನೋಡಿದೆ, ಒಂದಕ್ಕೊಂದು ಹೊಂದುವುದಿಲ್ಲ.

ನಿನ್ನ ಮಾರ್ಕ್ಸಿನ ವಿಷಯ. ಮೂರು ಹಾಕಿಕೊ. ಯಾಕೆ ಸೊನ್ನೆ ಅಲ್ಲ ಅಂತ ಕೇಳಿದ್ದೀಯ. ಸೊನ್ನೆ ಅಂದರೆ ನಿನಗೆ ಬೇಜಾರಾಗುತ್ತದೆ ಅಂತ ಮೂರು ಕೊಟ್ಟೆ. ನನ್ನ ಕಡೆಯಿಂದ ಗ್ರೇಸ್ ಮಾರ್ಕ್ಸ್.

ಕಾಯಿಲೆ ವಿಷಯ ಹೇಳಲೇ ಅಂತ ಕೇಳಿದ್ದೀಯಲ್ಲ, ಬೇಡ. ನೀನು ಯಾವತ್ತಿನಿಂದ ನನ್ನ ಹತ್ತಿರ ಪರ್ಮಿಷನ್ ಕೇಳಲು ಶುರು ಮಾಡಿದೆ? ಬೇಡ ಅಂದಿದ್ದೇನೆ, ನೋಡೋಣ ಏನು ಮಾಡುತ್ತೀಯ ಅಂತ.

ಆ ಬುಗುರಿ ಡಾಕ್ಟರನ್ನು ಫೇಲ್ ಮಾಡಬೇಡ.

ನಿನ್ನ ಅಣ್ಣ


ಮೇ ೯

ಅಣ್ಣಾ,

ಬೆರಳಿನ ವಿಷಯ ಓದಿ ತುಂಬಾ ಸಂಕಟವಾಯಿತು. ಅದನ್ನು ನೀನು ಧೈರ್ಯದಿಂದ ಎದುರಿಸಿದ್ದೀಯ.

ನೀನು ಬೇಡ ಎಂದಿದ್ದೀಯ. ಅದನ್ನು ಗೌರವಿಸುತ್ತೇನೆ. ಕಾಯಿಲೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಿಡುವುದು, ಬಿಡದಿರುವುದು ಪೂರ್ತಿ ನಿನ್ನ ನಿರ್ಧಾರ. ಅದು ನಿನ್ನ ದೇಹ, ನಿನ್ನ ಬದುಕು. ನೀನು ಏನೇ ತೀರ್ಮಾನಿಸಿದರೂ ನಾನು ನಿನ್ನ ಜೊತೆಗಿರುತ್ತೇನೆ.

ಬುಗುರಿ ಫೇಲಾಗಲಿಲ್ಲ. ಕೊನೆಯ ಪರೀಕ್ಷೆಯ ದಿನ ನಮ್ಮ ಟೈಪಿಸ್ಟ್ ಅಮ್ಮನಿಗೆ ಜ್ವರ, ಬರಲಿಲ್ಲ. ರೋಗಿಯ ಕುರ್ಚಿಯಲ್ಲಿ ನಾನೇ ಕೂತೆ. ಏನು ಪಾತ್ರ ಮಾಡುವುದು ಎಂದು ತೋಚದೆ ನಿನ್ನ ಮಾತುಗಳನ್ನೇ ಹೇಳಿದೆ. ಕೊನೆಯ ಸ್ಟಾಪು, ಆರಿಸಿದ ಇಂಜಿನ್, ಯಾರಿಗೂ ಲೇಟಾಗದ ಆ ಹೊತ್ತು, ಎಲ್ಲ. ಅವನು ಎಷ್ಟು ಚೆನ್ನಾಗಿ ಕೇಳಿದ ಗೊತ್ತಾ! ತಲೆಯಾಡಿಸಿದ, ನನ್ನ ಮಾತನ್ನೇ ಮೆತ್ತಗೆ ನನಗೆ ತಿರುಗಿಸಿ ಕೊಟ್ಟ, ‘ತೀರ್ಮಾನ ನಿಮ್ಮದೇ’ ಎಂದ. ಒಂದು ಸಲವೂ ಗಂಟೆ ಆಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿ, ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಯಾಕೆಂದು ಗೊತ್ತಾಗಲಿಲ್ಲ. ಸುಸ್ತಿರಬೇಕು.

ಉತ್ತರ ಬರೆ.

ನಿನ್ನ ತಂಗಿ


ಜುಲೈ ೨

ನಾದಿನಿಗೆ,

ನಾನು ಕಾಗದ ಬರೆದವಳಲ್ಲ, ತಪ್ಪಿದ್ದರೆ ನಡೆಸಿಕೊ. ನಿನ್ನ ಅಣ್ಣ ಬರೆಯುತ್ತಾರೆ, ಬರೆಯುತ್ತಾರೆ ಅಂತ ಕಾದೆ. ಬರೆಯಲಿಲ್ಲ. ಮೇ ತಿಂಗಳ ನಿನ್ನ ಕಾಗದ ಓದಿ ಮಡಚಿ, ಅಲಮಾರಿ ಮೇಲಿಟ್ಟು, ‘ಇವಳದ್ದೂ ಮುಗೀತು’ ಅಂದರು. ಏನು ಮುಗೀತು ಅಂದರೆ ಒಂದು ಸಿಗರೇಟು ಹಚ್ಚಿದರು. ಆಮೇಲೆ ಸಿಗರೇಟು ಜಾಸ್ತಿಯಾಯಿತು. ಮೊದಲು ನಾನು ಬಂದರೆ ಕೈ ಹಿಂದೆ ಇಟ್ಟುಕೊಳ್ಳುತ್ತಿದ್ದರು, ಈಗ ಅದೂ ಇಲ್ಲ.

ಪಾದ ಕಪ್ಪಾಗಿದೆ. ವಾಸನೆ ಬರುತ್ತದೆ. ಮಂಡಿಯಿಂದ ಕೆಳಗೆ ತೆಗೆಯಬೇಕಂತೆ, ಈ ಸೋಮವಾರ. ನೀನು ಬಾ. ಬಂದು ಅವರಿಗೆ ನಾಲ್ಕು ಮಾತು ಬಿಗಿಯಾಗಿ ಹೇಳು. ನಾನು ಹೇಳಿದರೆ ಗಾಳಿಗೆ ಹೇಳಿದ ಹಾಗೆ. ನಿನ್ನ ಮಾತಿಗೆ ಅವರು ಮೊದಲಿಂದಲೂ ಬಗ್ಗುವುದಿಲ್ಲ, ಆದರೆ ಕೇಳಿಸಿಕೊಳ್ಳುತ್ತಾರೆ.

ಅತ್ತಿಗೆ


ಆಗಸ್ಟ್ ೧೪

ತಂಗೀ,

ನೀನು ವಾಪಸು ಹೋದ ಮೇಲೆ ಬರೆಯಬೇಕು ಬರೆಯಬೇಕು ಅಂತ ದಿನ ಹೋಯಿತು. ಈಗ ಹಾಸಿಗೆಯಲ್ಲೇ ಕೂತು, ತೊಡೆ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಹಲಗೆ ಎಡಗಡೆಗೆ ಜಾರುತ್ತದೆ. ಆ ಕಡೆ ಊರಲು ಪಾದ ಇಲ್ಲವಲ್ಲ.

ನೀನು ಆಸ್ಪತ್ರೆಯಲ್ಲಿ ಹಗಲೆಲ್ಲ ನನ್ನ ಪಕ್ಕ ಕೂತೆ. ಹಣ್ಣು ಹೆಚ್ಚಿ ಕೊಟ್ಟೆ, ದಿಂಬು ಸರಿ ಮಾಡಿದೆ, ‘ಹೇಗನ್ನಿಸ್ತಿದೆ’ ಅಂತ ಕೇಳಿದೆ. ಇದನ್ನೆಲ್ಲ ಮರೆತಿಲ್ಲ. ಆದರೆ ಒಂದು ಮಾತು ಹೊಟ್ಟೆಯಲ್ಲಿಟ್ಟುಕೊಂಡು ಮಲಗಿದರೆ ನಿದ್ದೆ ಬರುವುದಿಲ್ಲ, ಅದಕ್ಕೆ ಹೇಳಿಬಿಡುತ್ತೇನೆ.

ನೀನು ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ಗಾಲಿಕುರ್ಚಿ ತಳ್ಳಿಕೊಂಡು ಮೆಟ್ಟಿಲ ಕಡೆಯ ಬಾಗಿಲಿಗೆ ಹೋದೆ. ಜೇಬಿನಲ್ಲಿ ಪ್ಯಾಕೆಟ್ ಇತ್ತು. ನೀನು ನೋಡಿದೆ. ನನಗೆ ಗೊತ್ತು ನೀನು ನೋಡಿದೆ ಅಂತ, ನೋಡಲಿ ಅಂತಲೇ ಪ್ಯಾಕೆಟ್ ಮೇಲೆ ಕಾಣುವ ಹಾಗೆ ಇಟ್ಟಿದ್ದೆ. ಆ ಬಾಗಿಲಿಗೆ ಸ್ಪ್ರಿಂಗು, ದೂಡಿದರೆ ತಿರುಗಿ ಬಂದು ಕುರ್ಚಿಗೆ ಬಡಿಯುತ್ತದೆ. ಎರಡು ಸಲ ಬಡಿಯಿತು. ನೀನು ಎದ್ದು ಬಂದೆ. ಈಗ ಶುರುವಾಗುತ್ತದೆ ಅಂದುಕೊಂಡೆ. ಕಾಲು ಕತ್ತರಿಸಿಕೊಂಡು ಇನ್ನೂ ವಾರವಾಗಿಲ್ಲ, ಕತ್ತೆ, ನಾಚಿಕೆ ಮಾನ ಮರ್ಯಾದೆ ಇದೆಯಾ ಅಂತ ವಾರ್ಡಿಗೆ ವಾರ್ಡೇ ಎದ್ದು ಕೂರುವ ಹಾಗೆ ಕೂಗುತ್ತೀಯ ಅಂತ ಬೆನ್ನು ಗಟ್ಟಿ ಮಾಡಿಕೊಂಡು ಕೂತೆ.

ನೀನು ಬಾಗಿಲು ಹಿಡಿದುಕೊಂಡೆ. ನಾನು ಆಚೆ ಹೋಗಲಿ ಅಂತ. ನಾನು ಸೇದಿ ಮುಗಿಸುವ ತನಕ ಹಿಡಿದುಕೊಂಡೇ ನಿಂತಿದ್ದೆ. ಮುಖದಲ್ಲಿ ಸಿಟ್ಟಿಲ್ಲ. ಏನೂ ಇಲ್ಲ. ಲಿಫ್ಟಿನವನು ನಿಂತ ಹಾಗೆ.

ಆ ಸಿಗರೇಟಿಗೆ ರುಚಿಯೇ ಇರಲಿಲ್ಲ ಕಣೇ.

ನನ್ನ ಮೊದಲನೇ ಸಿಗರೇಟು ನಿನಗೆ ಸಿಕ್ಕಿದ್ದು ನಿನ್ನ ಕಂಪಾಸ್ ಬಾಕ್ಸಿನಲ್ಲಿ. ಅಮ್ಮ ನನ್ನ ಜೇಬು ನೋಡುತ್ತಾಳೆ ಅಂತ ಅಲ್ಲಿ ಬಚ್ಚಿಟ್ಟಿದ್ದೆ. ನಿನ್ನ ಟೀಚರ್ ನಿನಗೆ ಹೊಡೆದರು. ನೀನು ಮನೆಗೆ ಬಂದು ಕಿಟಕಿಯಲ್ಲಿ ನಿಂತು ಬೈದದ್ದು ಬೀದಿ ಕೊನೆಯ ಅಂಗಡಿಯವನಿಗೂ ಕೇಳಿಸಿತು. ಆವತ್ತು ಇಟ್ಟ ಹೆಸರು ಹಾರನ್. ಅವತ್ತಿನಿಂದ ನಾನು ಹಚ್ಚಿದಾಗೆಲ್ಲ, ನೀನು ಎಲ್ಲೇ ಇರು, ಕಿವಿಯಲ್ಲಿ ಬೈಯುತ್ತಿದ್ದೆ. ಅಮ್ಮ ಹೋದ ಮೇಲೂ ಮನೆಯಲ್ಲಿ ನನ್ನನ್ನು ಬೈಯುವವಳು ಒಬ್ಬಳಿದ್ದಾಳೆ ಅಂತ ಧೈರ್ಯವಾಗಿದ್ದೆ.

ಸುಳ್ಳು ಹೇಳುವುದಿಲ್ಲ. ನೀನು ಬೈದಿದ್ದರೂ ನಾನು ಬಿಡುತ್ತಿರಲಿಲ್ಲ. ಬೈಸಿಕೊಂಡು ಸೇದುತ್ತಿದ್ದೆ. ಒಬ್ಬನೇ ಸೇದುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅಪ್ಪನ ವಿಷಯ ಬೇರೆ ಕಣೇ. ಅವರಿಗೆ ಬೈಗುಳ ಚುಚ್ಚುತ್ತಿತ್ತು. ನಿನ್ನ ಪಾಠ ಅವರಿಗೆ ಸರಿಹೋಗುತ್ತಿತ್ತೋ ಏನೋ. ನನಗೆ ನೀನು ಬೈಯುವುದು ನಿಂತ ದಿನ, ಇವಳ ಲೆಕ್ಕದಲ್ಲಿ ನಾನು ಹೊರಟುಹೋದವನು ಅನ್ನಿಸಿತು. ‘ನಿನ್ನ ದೇಹ, ನಿನ್ನ ಬದುಕು, ನಿನ್ನ ತೀರ್ಮಾನ’ ಅಂತ ಬರೆದಿದ್ದೀಯಲ್ಲ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳುವ ಮಾತು ಅದು.

ನಿನಗೆ ಬೇಜಾರು ಮಾಡಲು ಬರೆದದ್ದಲ್ಲ. ಈಗ ಬಲಗಾಲಿನ ಹೆಬ್ಬೆರಳೂ ತಣ್ಣಗಾಗಿದೆ. ಎಡಗಾಲು ಕತ್ತರಿಸಿ ಹೊಲಿಗೆ ಹಾಕಿದ ಕಡೆ ಕೀವು ಇಳಿಯುತ್ತಿದೆ. ಮತ್ತೆ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರಂತೆ.

ನಿನ್ನ ಅಣ್ಣ


ಸೆಪ್ಟೆಂಬರ್ ೧

ಲೋ ಕತ್ತೆ,

ಬೈಯಬೇಕಾ ನಿನಗೆ? ತಗೋ.

ಬುದ್ಧಿ ಇದೆಯೇನೋ ನಿನಗೆ? ತಲೆಯಲ್ಲಿ ಇರುವುದು ಮೆದುಳೋ ಡೀಸೆಲ್ಲೋ? ಪ್ಯಾಕೆಟ್ಟನ್ನು ನನಗೆ ಕಾಣಲಿ ಅಂತ ಇಟ್ಟೆಯಂತೆ! ಬೈಸಿಕೊಳ್ಳುವ ಆಸೆಯಿದ್ದರೆ ಬಾಯಿ ಬಿಟ್ಟು ‘ಬೈಯೇ’ ಅನ್ನುವುದಕ್ಕೆ ಏನು ಧಾಡಿ ನಿನಗೆ? ಫೆಬ್ರವರಿಯಿಂದ ಒಂದೊಂದು ಕಾಗದ ಬರೆಯಲು ನಾನು ಎಷ್ಟು ಹಾಳೆ ಹರಿದು ಎಸೆದಿದ್ದೇನೆ ಗೊತ್ತಾ? ಮೊದಲು ನಿನಗೆ ಬೈದು ಬರೆಯುತ್ತಿದ್ದೆ, ಆಮೇಲೆ ಬೈದದ್ದನ್ನೆಲ್ಲ ಹೊಡೆದುಹಾಕುತ್ತಿದ್ದೆ, ಆಮೇಲೆ ಉಳಿದದ್ದನ್ನು ಚೊಕ್ಕವಾಗಿ ಬೇರೆ ಹಾಳೆಗೆ ಇಳಿಸುತ್ತಿದ್ದೆ. ನೀನು ಓದಿದ್ದು ಆ ಉಳಿದದ್ದನ್ನು. ನಾನು ಹರಿದು ಎಸೆದದ್ದೇ ನಿನ್ನ ಕಾಗದ ಆಗಿತ್ತು, ದಡ್ಡ ನನ್ಮಗನೇ. ಅಮ್ಮ ಕ್ಷಮಿಸಲಿ.

ಬಾಗಿಲು ಹಿಡಿದುಕೊಂಡಾಗ ಮುಖದಲ್ಲಿ ಏನೂ ಇರಲಿಲ್ಲವಂತೆ. ಇರಲಿಲ್ಲ, ಸರಿ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು, ಅದು ನಿನಗೆ ಕಾಣಲಿಲ್ಲ. ಎದುರಿಸಿ ನಿಲ್ಲಬಾರದು, ರೋಗಿ ತಳ್ಳಿದರೆ ತಳ್ಳಿಸಿಕೊಳ್ಳಬೇಕು ಅಂತ ವರ್ಷಗಟ್ಟಲೆ ಕಲಿಸಿದ್ದೇನಲ್ಲ, ಅದನ್ನೇ ಮಾಡಿದೆ. ಆ ಪ್ಯಾಕೆಟ್ಟು ಕಿತ್ತು ಮೆಟ್ಟಿಲಿನಿಂದ ಕೆಳಗೆ ಎಸೆದು, ನಿನ್ನ ಕೆನ್ನೆಗೆ ನಾಲ್ಕು ಬಾರಿಸಿ, ಆಮೇಲೆ ನಿನ್ನ ಹೆಗಲ ಮೇಲೆ ತಲೆ ಇಟ್ಟು ಬೊಬ್ಬೆ ಹೊಡೆಯಬೇಕು ಅನ್ನಿಸಿತ್ತು. ಮಾಡಲಿಲ್ಲ. ನನ್ನ ಪಾಠ ಅಡ್ಡ ಬಂತು. ಹಾಳಾಗಿ ಹೋಗಲಿ ಆ ಪಾಠ.

ಹಾಳಾಗುವುದೂ ಇಲ್ಲ, ಅದೇ ನನ್ನ ಹಣೆಬರಹ. ಬುಗುರಿ ಡಾಕ್ಟರನ ರೋಗಿಗಳು ಒಬ್ಬರ ಹಿಂದೊಬ್ಬರು ಸಿಗರೇಟು ಬಿಡುತ್ತಿದ್ದಾರೆ. ಮೊನ್ನೆ ಫೋನ್ ಮಾಡಿ ‘ಮೇಡಂ, ನೀವು ಹೇಳಿದ್ದೇ ಸರಿ’ ಅಂದ. ಯಾರ ಯಾರ ಅಣ್ಣಂದಿರೋ ನನ್ನ ಪಾಠದಿಂದ ಬದುಕುತ್ತಿದ್ದಾರೆ. ನನ್ನವನು ಮಾತ್ರ ಅದೇ ಪಾಠದಿಂದ ಒಬ್ಬನೇ ಕೂತು ಹೊಗೆ ಬಿಡುತ್ತಿದ್ದಾನೆ. ಯಾರ ಹತ್ತಿರ ಹೇಳಿಕೊಳ್ಳಲಿ ಇದನ್ನು? ಹೇಳಿದರೆ ‘ನಿಮಗೇನನ್ನಿಸುತ್ತಿದೆ’ ಅಂತ ಕೇಳುತ್ತಾರೆ, ನಾನೇ ಕಲಿಸಿರುವುದು.

ಈಗ ಕೇಳು. ನಿನ್ನ ಒಪ್ಪಿಗೆ ಯಾರಿಗೆ ಬೇಕು? ಹೇಳುತ್ತೇನೆ, ಕೇಳಿಸಿಕೊ, ಬಲಗಿವಿಗೇ ಕೇಳಿಸಿಕೊ. ನೀನು ಸೇದಬಾರದು. ಆ ಪ್ಯಾಕೆಟ್ಟು ಅತ್ತಿಗೆಯ ಕೈಗೆ ಕೊಡಬೇಕು, ಈಗಲೇ. ಹೇಳಿದ ಔಷಧಿ ತಗೋಬೇಕು. ಬಲಗಾಲು ಉಳಿಸಿಕೊಳ್ಳಬೇಕು. ಬದುಕಬೇಕು. ನನಗೆ ನೀನು ಬೇಕು ಕಣೋ. ನಿನ್ನ ದೇಹ ನಿನ್ನದು ಅಂದೆನಲ್ಲ, ಸುಳ್ಳು ಅದು. ಅರ್ಧ ನನ್ನದು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಕರೆದೊಯ್ದ ಕಾಲು ಅದು, ಅದನ್ನು ಸುಟ್ಟು ಹಾಕುವಾಗ ಒಂದು ಮಾತು ಕೇಳಿದೆಯಾ ನನ್ನನ್ನು? ಯಾರು ಬೇಕಾದರೂ ಗಂಟೆ ಒತ್ತಿಕೊಳ್ಳಲಿ. ಬೇಕು, ಬೇಕು, ಬೇಕು, ಬೇಕು.

ಚಿತ್ತು ಬೇಕಿತ್ತಲ್ಲ, ಎಣಿಸಿಕೊ. ಹೊಡೆದು ಹೊಡೆದು ಅರ್ಧ ಹಾಳೆ ಶಾಯಿಯೇ ಆಗಿದೆ. ಚೊಕ್ಕ ಮಾಡಿ ಬರೆಯುವುದಿಲ್ಲ. ಹೀಗೇ ಕಳಿಸುತ್ತೇನೆ.

ರಜೆ ಕೇಳಿದ್ದೇನೆ. ಸಿಕ್ಕ ಕೂಡಲೇ ಬರುತ್ತೇನೆ. ಉಳಿದದ್ದು ಎದುರಿಗೆ.

ಹಾರನ್


ಅಕ್ಟೋಬರ್ ೬

ನಾದಿನಿಗೆ,

ನೀನು ಬಂದಿದ್ದಾಗ ಮನೆ ತುಂಬಾ ಜನ. ಡಿಪೋದವರು, ಬೀದಿಯವರು, ಗುರುತೇ ಇಲ್ಲದವರು. ನಿನ್ನ ಅಣ್ಣನನ್ನು ಎತ್ತಿಕೊಂಡು ಹೋಗುವಾಗ ನೀನು ನನ್ನ ಕೈ ಹಿಡಿದು ‘ನನ್ನ ಕಾಗದ ಬಂತಾ ಅತ್ತಿಗೆ’ ಅಂತ ಕೇಳಿದೆ. ನಾನು ಬಂತು ಅಂತ ತಲೆ ಆಡಿಸಿದೆ. ಜನರ ನಡುವೆ ಅಷ್ಟೇ ಆಯಿತು. ಈಗ ಮನೆಯಲ್ಲಿ ನಾನೊಬ್ಬಳೇ, ಹೇಳುತ್ತೇನೆ.

ಕಾಗದ ಬಂದದ್ದು ಅವರು ಹೋಗುವ ಹಿಂದಿನ ದಿನ. ಆಸ್ಪತ್ರೆಗೆ ತೆಗೆದುಕೊಂಡು ಹೋದೆ. ಕೀವು ಮೈಗೆಲ್ಲ ಏರಿತ್ತು, ಜ್ವರ ಬಿಡುತ್ತಿರಲಿಲ್ಲ, ಕನ್ನಡಕ ಹಾಕಿದರೂ ಅಕ್ಷರ ಕಾಣುತ್ತಿರಲಿಲ್ಲ. ಓದು ಅಂದರು. ಬಲಗಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಓದಿದೆ. ‘ಲೋ ಕತ್ತೆ’ ಅಂದ ಕೂಡಲೇ ಕಣ್ಣು ಬಿಟ್ಟರು. ‘ಜೋರಾಗಿ ಓದೇ, ಹಾರನ್ನು ಯಾರಾದ್ರೂ ಪಿಸುಗುಟ್ಟಿ ಹೊಡೀತಾರಾ’ ಅಂದರು. ಜೋರಾಗಿ ಓದಿದೆ. ಪಕ್ಕದ ಹಾಸಿಗೆಯವರು ಎದ್ದು ಕೂತರು. ನರ್ಸು ಬಂದು ಇದೇನು ಗಲಾಟೆ ಅಂದಳು. ‘ನನ್ನ ತಂಗಿ ಬೈತಿದ್ದಾಳೆ, ಸ್ವಲ್ಪ ಇರಿ ಸಿಸ್ಟರ್’ ಅಂದರು. ನಾನು ತಡವರಿಸಿದರೆ, ‘ಅಲ್ಲಿ ಹೊಡೆದುಹಾಕಿದ್ದಾಳಾ? ಅದರ ಕೆಳಗೆ ಏನಿದೆ ನೋಡು’ ಅನ್ನುತ್ತಿದ್ದರು. ಡೀಸೆಲ್ ಅಂದದ್ದನ್ನು ಮತ್ತೆ ಓದಿಸಿದರು. ನಕ್ಕರು. ನಗಲು ಉಸಿರು ಸಾಲುತ್ತಿರಲಿಲ್ಲ, ಆದರೂ ನಕ್ಕರು. ಕೊನೆಯ ಬೇಕು ಬೇಕು ಓದುವಾಗ ಮುಖ ಗೋಡೆ ಕಡೆ ತಿರುಗಿಸಿಕೊಂಡರು.

ಆಮೇಲೆ ಈ ಕಡೆ ತಿರುಗಿ ‘ಒಂದು ಕೊಡೇ’ ಅಂದರು. ‘ಏನು’ ಅಂದೆ. ‘ಇಷ್ಟು ಬೈಸ್ಕೊಂಡ ಮೇಲೆ ಒಂದು ಸೇದದೆ ಹೇಗಿರ್ಲಿ’ ಅಂದರು.

ಪ್ಯಾಕೆಟ್ಟು ನನ್ನ ಬ್ಯಾಗಿನಲ್ಲೇ ಇತ್ತು. ಕೊಡಬೇಕು ಅಂತ ನೀನು ಬರೆದದ್ದು ಓದಿದಾಗಲೇ ಅವರು ದಿಂಬಿನ ಕೆಳಗಿನಿಂದ ತೆಗೆದು ನನ್ನ ಕೈಗೆ ಕೊಟ್ಟಿದ್ದರು. ಕೊಟ್ಟಿದ್ದರು ಕಣೇ. ಅದನ್ನು ನಾನು ಹೊರಗೆ ಎಸೆಯಬಹುದಿತ್ತು. ಇಲ್ಲ ಅನ್ನಬಹುದಿತ್ತು. ಆದರೆ ಅವರು ಅಷ್ಟು ಸಂತೋಷವಾಗಿದ್ದರು. ನರ್ಸು ಆಚೆ ಹೋದಾಗ ಕುರ್ಚಿಗೆ ಇಳಿಸಿಕೊಂಡು ಮೆಟ್ಟಿಲ ಕಡೆ ತಳ್ಳಿಕೊಂಡು ಹೋದೆ. ನಾನೇ ಕಡ್ಡಿ ಗೀರಿದೆ. ಆ ಸ್ಪ್ರಿಂಗಿನ ಬಾಗಿಲನ್ನು ನಾನೂ ಹಿಡಿದುಕೊಂಡು ನಿಂತೆ.

ಎರಡು ದಮ್ಮು ಎಳೆದರು. ಕೆಮ್ಮು ಬಂತು, ಹಿಡಿಯಲು ಆಗಲಿಲ್ಲ. ಬೆಳಿಗ್ಗೆಗೆ ಹೋಗಿಬಿಟ್ಟರು. ಹೇಗೂ ಹೋಗುತ್ತಿದ್ದರು, ನೀವೇನೂ ಯೋಚನೆ ಮಾಡಬೇಡಿ ಅಂದರು ಡಾಕ್ಟರು. ಅವರಿಗೆ ಸಿಗರೇಟಿನ ವಿಷಯ ನಾನು ಹೇಳಿರಲಿಲ್ಲ.

ಮದುವೆಯಾದ ದಿನದಿಂದ ನಾನು ಅವರಿಗೆ ಒಂದು ಗಟ್ಟಿ ಮಾತು ಆಡಿದವಳಲ್ಲ. ಬೈಯುವುದಕ್ಕೆ ನೀನಿದ್ದೀಯ ಅಂತ ಸುಮ್ಮನಿದ್ದೆ. ಈಗ ಅಡುಗೆಮನೆಯಲ್ಲಿ ನಿಂತರೆ ಕೈಯಲ್ಲಿ ಆ ಬೆಂಕಿಕಡ್ಡಿಯ ವಾಸನೆ. ಬಂದವರೆಲ್ಲ ಪಾಪ ಅನ್ನುತ್ತಾರೆ, ಬೆನ್ನು ಸವರುತ್ತಾರೆ, ನೀನು ಏನು ಕಡಿಮೆ ಮಾಡಿದೆ ಅನ್ನುತ್ತಾರೆ. ಅವರು ಎದ್ದು ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂರುತ್ತೇನೆ.

ನೀನು ಸಮಾಧಾನ ಹೇಳಿ ಬರೆಯಬೇಡ. ನಿಮಗೆ ಹೇಗನ್ನಿಸುತ್ತಿದೆ ಅಂತ ಕೇಳಬೇಡ. ಅವರಿಗೆ ಬರೆದ ಹಾಗೆ ನನಗೂ ಒಂದು ಕಾಗದ ಬರೆ. ಚೆನ್ನಾಗಿ ಬೈದು ಬರೆ.

ನಿನ್ನ ಅತ್ತಿಗೆ